ಬೈಸಿಕಲ್ಲಿನ ಮುಂದಣ ಗಾಲಿಯೂ ಅದರ ಅಚ್ಚೂ

ಬೆಟ್ಟದ ದಾರಿಗಳಿಗೆಂದು ಮಾಡಿದ ಮೌಂಟನ್ ಬೈಕಿನ ಹಳೆಯ ಫೋರ್ಕನ್ನು ತೆಗೆದು ಹೊಸದನ್ನು ಹಾಕಿದಾಗ, ಅದುವರೆಗೆ ಚೆನ್ನಾಗಿ ಓಡುತ್ತಿದ್ದ ಗಾಲಿಯು ಅದರಲ್ಲಿ ಕೂಡದೆ ಹೋಗುವುದುಂಟು. ಗಾಲಿಯಲ್ಲಿ ದೋಷವಿಲ್ಲ, ಫೋರ್ಕಿನಲ್ಲಿಯೂ ಇಲ್ಲ. ಎರಡಕ್ಕೂ ಬೇಕಾದ ಅಚ್ಚಿನ ಅಳತೆಗಳು ಬೇರೆ ಬೇರೆ. ಇಂತಹ ಗಾಲಿಯನ್ನು ಹೊಸ ಫೋರ್ಕಿಗೆ ಹೊಂದಿಸುವ ಬಗೆಯನ್ನೂ ಅದರ ಹಿಂದಿರುವ ತತ್ತ್ವವನ್ನೂ ಇಲ್ಲಿ ವಿಚಾರಿಸೋಣ.

ಅಚ್ಚು ದಪ್ಪವಾದುದೇಕೆ?

1930ರ ಸುಮಾರಿಗೆ ಇಟಲಿಯ ಸೈಕಲ್ ಪಂದ್ಯಗಾರನಾದ ಟುಲಿಯೊ ಕಂಪನ್ಯೋಲೊ ಎಂಬುವನು, ಸ್ಪ್ಯಾನರಿನ ನೆರವಿಲ್ಲದೆ ಒಂದು ಸನ್ನೆಯನ್ನು ತಿರುಗಿಸಿ ಗಾಲಿಯನ್ನು ಕಳಚುವ ಏರ್ಪಾಡನ್ನು ರೂಪಿಸಿದನು. ಈ ಬಗೆಯ ಗಾಲಿಗಳಲ್ಲಿ ಟೊಳ್ಳು ಅಚ್ಚಿನ 9 ಮಿ.ಮೀ. ದಪ್ಪದ ತುದಿಗಳು ಫೋರ್ಕಿನ ಕೆಳಗೆ ಬಾಯ್ತೆರೆದ ಸೀಳುಗಳಲ್ಲಿ ಕೂಡುತ್ತವೆ. ಮುಂದಣ ಗಾಲಿಗೆ ಸೀಳುಗಳ ನಡುವಣ ಅಂತರ 100 ಮಿ.ಮೀ.

ರಿಮ್ಮನ್ನು ಹಿಡಿಯುವ ಬ್ರೇಕುಗಳಿಗೆ ಇಷ್ಟೇ ಸಾಕಾಗಿತ್ತು. ಡಿಸ್ಕ್ ಬ್ರೇಕು ಬಂದ ಮೇಲೆ ಸ್ಥಿತಿ ಬದಲಾಯಿತು. ಒಂದು ಲೆಕ್ಕವನ್ನು ಮಾಡಿ ನೋಡೋಣ. ಬೈಸಿಕಲ್ಲನ್ನು ತಡೆಯಲು ನೆಲವು ಗಾಲಿಯ ಮೇಲೆ 500 ನ್ಯೂಟನ್ ಬಲವನ್ನು ಪ್ರಯೋಗಿಸುತ್ತಿದೆ ಎನ್ನೋಣ. ಗಾಲಿಯ ತ್ರಿಜ್ಯ 350 ಮಿ.ಮೀ.; ಬ್ರೇಕು ಡಿಸ್ಕನ್ನು ಹಿಡಿಯುವ ಸ್ಥಳದ ತ್ರಿಜ್ಯ 75 ಮಿ.ಮೀ. ಸನ್ನೆಯ ನಿಯಮದಂತೆ ಬ್ರೇಕಿನ ಬಲವು 500 × 350 ÷ 75, ಅಂದರೆ ಸುಮಾರು 2,300 ನ್ಯೂಟನ್ ಆಗಬೇಕು. ಬ್ರೇಕು ಫೋರ್ಕಿನ ಹಿಂಬದಿಯಲ್ಲಿದೆ. ಅಲ್ಲಿ ಡಿಸ್ಕು ಮೇಲಕ್ಕೆ ಚಲಿಸುತ್ತಿರುತ್ತದೆ. ಆದುದರಿಂದ ಬ್ರೇಕು ಅದನ್ನು ಬಹುಮಟ್ಟಿಗೆ ಕೆಳಕ್ಕೆ ತಳ್ಳುತ್ತದೆ. ಸವಾರನೂ ಬೈಸಿಕಲ್ಲೂ ಸೇರಿ 90 ಕಿಲೋಗ್ರಾಂ ಇದ್ದು, ಆ ಭಾರವೆಲ್ಲ ಮುಂದಣ ಗಾಲಿಯ ಮೇಲೆಯೇ ಬಿದ್ದರೂ, ನೆಲವು ಗಾಲಿಯನ್ನು ಮೇಲಕ್ಕೆ ಒತ್ತುವ ಬಲ ಸುಮಾರು 880 ನ್ಯೂಟನ್ ಮಾತ್ರ. ಉಳಿದ ಸಾವಿರಕ್ಕೂ ಮಿಕ್ಕ ನ್ಯೂಟನ್ನುಗಳು ಅಚ್ಚನ್ನು ಸೀಳಿನಿಂದ ಹೊರಕ್ಕೆಳೆಯಲು ಹವಣಿಸುತ್ತವೆ! ಸನ್ನೆಯು ಸಡಿಲವಾಗಿದ್ದರೆ ಇಳಿಜಾರಿನಲ್ಲಿ ಸವಾರನ ಪ್ರಾಣಕ್ಕೇ ಅಪಾಯ.

ಸೀಳಿನ ಬದಲು ಮುಚ್ಚಿದ ರಂಧ್ರವಿದ್ದು, ಅದರೊಳಗೆ ಅಚ್ಚು ತೂರಿ ಬಂದರೆ ಈ ಭಯವಿಲ್ಲ. 2008ರ ಸುಮಾರಿಗೆ 15 ಮಿ.ಮೀ. ದಪ್ಪದ ತೂರುಅಚ್ಚು ಬಳಕೆಗೆ ಬಂದಿತು. 2010ರ ದಶಕದ ಮಧ್ಯಭಾಗದಲ್ಲಿ ಗಾಲಿಯ ಬಿಗುವನ್ನು ಹೆಚ್ಚಿಸಲು 100 ಮಿ.ಮೀ. ಅಂತರವನ್ನು 110ಕ್ಕೆ ಏರಿಸಿದರು. ಇದಕ್ಕೆ ಬೂಸ್ಟ್ ಎಂದು ಹೆಸರು.

ಹೊಂದಿಸುವ ಕ್ರಮ

ನಮ್ಮ ಗಾಲಿ 9 × 100, ಫೋರ್ಕು 15 × 110 ಬೂಸ್ಟ್ ಎಂದಿಟ್ಟುಕೊಳ್ಳೋಣ. ಮೊದಲನೆಯದಾಗಿ ಹಬ್ಬನ್ನು ಪರೀಕ್ಷಿಸಬೇಕು. ಕೆಲವು ಹಬ್ಬುಗಳ ತುದಿಯ ಟೋಪಿಗಳನ್ನು ಕಳಚಿ 15 ಮಿ.ಮೀ. ಅಚ್ಚಿನವನ್ನು ಹಾಕಬಹುದು. ಬೇರಿಂಗಿನ ಒಳರಂಧ್ರವೇ ಕಿರಿದಾಗಿದ್ದರೆ ಹಬ್ಬನ್ನೇ ಬದಲಿಸದೆ ಗತ್ಯಂತರವಿಲ್ಲ. ಅರದಿಂದ ಉಜ್ಜಿ ಕೂರಿಸುವ ಸಾಹಸ ಸಲ್ಲದು.

ಎರಡನೆಯದು, ಅಗಲದಲ್ಲಿರುವ 10 ಮಿ.ಮೀ. ಕೊರತೆ. ಇದನ್ನು ತುಂಬಲು ಎರಡು ಮಾರ್ಗಗಳಿವೆ. ಎರಡೂ ಕಡೆ 5 ಮಿ.ಮೀ. ಬಳೆಗಳನ್ನು ಹಾಕಿದರೆ ರಿಮ್ಮು ನಡುವೆಯೇ ಉಳಿಯುತ್ತದೆ. ಆದರೆ ಬೂಸ್ಟ್ ಫೋರ್ಕಿನಲ್ಲಿ ಬ್ರೇಕು 5 ಮಿ.ಮೀ. ಹೊರಗೆ ಸರಿದಿರುವುದರಿಂದ ಡಿಸ್ಕಿನಡಿಯಲ್ಲಿಯೂ ಅಷ್ಟೇ ದಪ್ಪದ ಬಳೆ ಬೇಕು. ಆಗ ಹಳೆಯ ಬೋಲ್ಟುಗಳ ಮರೆ 5 ಮಿ.ಮೀ. ಕಡಿಮೆ ಹಿಡಿಯುವುದರಿಂದ, ಅಷ್ಟು ಉದ್ದ ಹೆಚ್ಚಿರುವ ಬೋಲ್ಟುಗಳನ್ನೇ ಬಳಸಬೇಕು.

ಇನ್ನೊಂದು ಮಾರ್ಗದಲ್ಲಿ 10 ಮಿ.ಮೀ. ಅನ್ನು ಪೂರ್ತಿಯಾಗಿ ಬಲಗಡೆಯೇ ಸೇರಿಸುತ್ತಾರೆ. ಹಬ್ಬು 5 ಮಿ.ಮೀ. ಎಡಕ್ಕೆ ಸರಿಯುವುದರಿಂದ ಡಿಸ್ಕು ತಾನಾಗಿಯೇ ಬ್ರೇಕಿನ ನೇರಕ್ಕೆ ಬರುತ್ತದೆ. ಆದರೆ ರಿಮ್ಮೂ ಎಡಕ್ಕೆ ಸರಿದಿರುತ್ತದೆ. ಬಲಗಡೆಯ ಕಡ್ಡಿಗಳನ್ನು ಬಿಗಿದು, ಎಡಗಡೆಯವನ್ನು ಸಡಿಲಿಸಿ ಅದನ್ನು ನಡುವಿಗೆ ತರಬೇಕು. ಈ ಶ್ರಮಕ್ಕೆ ಒಂದು ಫಲವಿದೆ. ಡಿಸ್ಕಿಗೆ ಎಡೆಗೊಡಲು ಹಬ್ಬಿನ ಎಡದಂಚು ನಡುವಿಗೆ ಹತ್ತಿರವಿರುವುದರಿಂದ ಎಡಗಡೆಯ ಕಡ್ಡಿಗಳು ಹೆಚ್ಚು ಬಿಗಿಯಾಗಿರಬೇಕಾಗುತ್ತದೆ. ಎಡದಂಚು 22, ಬಲದಂಚು 34 ಮಿ.ಮೀ. ದೂರದಲ್ಲಿದ್ದರೆ, ಸರಿಸಿದ ಮೇಲೆ ಅವು 27 ಮತ್ತು 29 ಆಗುವುವು. ಎರಡು ಕಡೆಯ ಎಳೆತವೂ ಬಹುತೇಕ ಸಮನಾಗುವುದು.

ಒಂದು ಎಚ್ಚರಿಕೆ: ಬೂಸ್ಟಿಗಿಂತ ಹಿಂದಿನ 20 × 110 ಫೋರ್ಕುಗಳೂ ಇವೆ. ಅಗಲ ಅದೇ ಆದರೂ ಅವುಗಳಲ್ಲಿ ಬ್ರೇಕಿನ ಸ್ಥಾನ ಬೇರೆ. ಅಂತರವೊಂದನ್ನೇ ಅಳೆದು ಮೋಸಹೋಗಬಾರದು.

ಕೊನೆಗೆ ಗಾಲಿಯನ್ನು ಎತ್ತಿ ತಿರುಗಿಸಬೇಕು. ಡಿಸ್ಕು ಎಲ್ಲಿಯೂ ಉಜ್ಜಬಾರದು. ರಿಮ್ಮಿನಿಂದ ಫೋರ್ಕಿನ ಎರಡು ಕಾಲುಗಳಿಗೂ ದೂರ ಸಮನಾಗಿರಬೇಕು. ಬೋಲ್ಟುಗಳನ್ನೂ ಅಚ್ಚನ್ನೂ ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಸಮತಟ್ಟಾದ ನೆಲದ ಮೇಲೆ ಮೆಲ್ಲಗೆ ಓಡಿಸುತ್ತ ಬ್ರೇಕನ್ನು ಹತ್ತಾರು ಬಾರಿ ಹಿಡಿದು ನೋಡಿ, ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಿದ ನಂತರವೇ ಬೆಟ್ಟದ ದಾರಿಯನ್ನು ಹಿಡಿಯಬಹುದು.