ಎರಡು ಎಕರೆಯ ಹೊಲಕ್ಕೆ ಕತ್ತೆಯ ದುಡಿಮೆ

ಎರಡು ಮೂರು ಎಕರೆ ಮಸಾರಿ ಹೊಲ ಇರುವವರಿಗೆ ಇವತ್ತು ಜೋಡಿ ಎತ್ತು ಕಟ್ಟುವುದು ಕಷ್ಟ. ಮೇವು ವರ್ಷವಿಡೀ ಬೇಕು, ಕೆಲಸ ಇರುವುದು ಕೆಲವೇ ವಾರ. ಉಳುಮೆಗೆ, ಬಿತ್ತನೆಗೆ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ. ಆದರೆ ತಿಪ್ಪೆಯಿಂದ ಹೊಲಕ್ಕೆ ಗೊಬ್ಬರ, ಹೊಲದಿಂದ ಮನೆಗೆ ಹುಲ್ಲು, ದೂರದ ಬಾವಿಯಿಂದ ನೀರು, ಸಾಲಿನ ನಡುವಿನ ಎಡೆ ಕೆಲಸ, ಇವಕ್ಕೆಲ್ಲ ಯಾರನ್ನು ಕರೆಯುವುದು? ಈ ಹೊರೆಯಲ್ಲಿ ಹೆಚ್ಚಿನದು ಮನೆಯ ಹೆಣ್ಣುಮಕ್ಕಳ ತಲೆಯ ಮೇಲೆಯೇ ಬೀಳುತ್ತಿದೆ. ಕತ್ತೆಯನ್ನು ನೆನೆಯಬೇಕಾದದ್ದು ಇಲ್ಲಿ.

ನಮ್ಮಲ್ಲಿ ಮಡಿವಾಳರು, ಕುಂಬಾರರು ಕತ್ತೆ ಸಾಕಿದರು. ಉತ್ತರ ಕರ್ನಾಟಕದ ಸಂಚಾರಿ ಕುರಿಗಾರರು ಗಂಟುಮೂಟೆ ಹೇರಲು ಇಂದಿಗೂ ಸಾಕುತ್ತಾರೆ. ಒಕ್ಕಲುತನಕ್ಕೆ ಕಟ್ಟಿದವರು ಮಾತ್ರ ಕಡಿಮೆ. ಅತ್ತ ಪಶ್ಚಿಮ ಆಫ್ರಿಕಾದ ಸೆನೆಗಲ್, ಮಾಲಿ, ಬುರ್ಕಿನಾ ಫಾಸೊಗಳಲ್ಲಿ, ನಮ್ಮ ಹಾಗೆಯೇ ಮಳೆ ನಂಬಿ ಸಜ್ಜೆ, ಜೋಳ, ಶೇಂಗಾ ಬೆಳೆಯುವ ರೈತರು ಕತ್ತೆಯಿಂದ ಬಂಡಿ ಎಳೆಸುತ್ತಾರೆ, ಹಗುರ ಮಣ್ಣಿನಲ್ಲಿ ಎಡೆ ಹೊಡೆಸುತ್ತಾರೆ. ನಮ್ಮ ಮಸಾರಿಯಲ್ಲೂ ಇದು ಆಗುವ ಕೆಲಸ. ಎರೆ ಭೂಮಿಯಲ್ಲಿ ಆಳ ಉಳುಮೆಗೆ ಮಾತ್ರ ಕತ್ತೆಯನ್ನು ಹೂಡಬೇಡಿ, ಅದರ ಕೈಲಾಗದು.

ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ಕ್ಕೆ ಉಳಿದದ್ದು 1.24 ಲಕ್ಷ. ಇದು ಸಣ್ಣ ನಷ್ಟವಲ್ಲ.

ಕತ್ತೆ ಕಟ್ಟಿ ಕೈಸುಟ್ಟುಕೊಂಡವರನ್ನು ವಿಚಾರಿಸಿದರೆ ತಪ್ಪು ಬಹುಪಾಲು ಸಲಕರಣೆಯಲ್ಲಿ ಕಾಣುತ್ತದೆ. ಎತ್ತಿಗೆ ಹಿಣಿಲಿದೆ, ನೊಗ ಅಲ್ಲಿ ನಿಲ್ಲುತ್ತದೆ. ಕತ್ತೆಗೆ ಹಿಣಿಲಿಲ್ಲ. ಅದರ ಕುತ್ತಿಗೆಗೆ ನೊಗ ಇಟ್ಟರೆ ಮರ ನೇರ ಎಲುಬಿಗೆ ಒತ್ತಿ ಚರ್ಮ ಕಿತ್ತುಬರುತ್ತದೆ. ಕತ್ತೆ ಎಳೆಯುವುದು ಎದೆಯಿಂದ. ಆದ್ದರಿಂದ ನಾಲ್ಕು ಬೆರಳು ಅಗಲದ ದಪ್ಪ ಕ್ಯಾನ್ವಾಸ್ ಅಥವಾ ನೂಲಿನ ಎದೆಪಟ್ಟಿ ಹೊಲಿಸಿ, ಒಳಮೈಗೆ ಮೆತ್ತನೆಯ ಬಟ್ಟೆ ಕೊಡಿ. ಪಟ್ಟಿ ಕುತ್ತಿಗೆಯ ಬುಡದಲ್ಲಿ ಉಸಿರುಗೊಳವೆಯನ್ನು ಒತ್ತಬಾರದು, ಹೆಗಲ ಕೀಲಿನ ಮೇಲೆ ಇಳಿದು ಮುಂಗಾಲಿನ ನಡಿಗೆಯನ್ನೂ ತಡೆಯಬಾರದು. ಇವೆರಡರ ನಡುವೆ ಅದು ನಿಲ್ಲುವಂತೆ ಕುತ್ತಿಗೆಯ ಮೇಲಿನಿಂದ ಇನ್ನೊಂದು ಪಟ್ಟಿ ಕಟ್ಟಿ. ಎರಡೂ ಪಕ್ಕದಿಂದ ಹಗ್ಗ ಹಿಂದಕ್ಕೆ ಹೋಗಿ ಅಡ್ಡಕೋಲಿಗೆ ಸೇರಲಿ, ಅಡ್ಡಕೋಲಿನ ನಡುವಿನಿಂದ ಎಡೆಕುಂಟೆಗೆ. ಬರೀ ನೈಲಾನ್ ಹಗ್ಗವನ್ನು ಎದೆಗೆ ಸುತ್ತಬೇಡಿ, ಒಂದೇ ದಿನದಲ್ಲಿ ಗಾಯವಾಗುತ್ತದೆ. ಬಂಡಿಗೆ ಹೂಡುವುದಾದರೆ ಬೆನ್ನಿಗೆ ಮೆತ್ತೆಯೂ ಬೇಕು, ಇಳಿಜಾರಿನಲ್ಲಿ ಬಂಡಿ ನುಗ್ಗದಂತೆ ತೊಡೆಯ ಹಿಂದೆ ಹಾಯುವ ಪಟ್ಟಿಯೂ ಬೇಕು.

ಮೂಗುದಾರ ಬೇಡವೇ ಬೇಡ. ಕುದುರೆಯಂತೆ ಕತ್ತೆಯೂ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ತಲೆಗೆ ಸಡಿಲವಾದ ಮುಖಗಟ್ಟು ಸಾಕು.

ಬೆನ್ನ ಮೇಲೆ ಹೇರುವಾಗ ಭಾರ ಬೆನ್ನೆಲುಬಿನ ಮೇಲೆ ಕೂರಬಾರದು. ಎಲುಬಿನ ಎರಡೂ ಬದಿಗೆ ಹುಲ್ಲು ತುಂಬಿದ ದಪ್ಪ ಮೆತ್ತೆ ಇಟ್ಟು, ನಡುವೆ ಗಾಳಿಯಾಡುವ ಓಣಿ ಬಿಟ್ಟು, ಎಡಬಲಕ್ಕೆ ಸಮತೂಕದ ಚೀಲ ಇಳಿಬಿಡಿ. 1965ರ ಕೇಂದ್ರ ನಿಯಮಗಳ ಪ್ರಕಾರ ಕತ್ತೆಯ ಬೆನ್ನಿಗೆ 50 ಕೆ.ಜಿ. ಮೀರುವಂತಿಲ್ಲ, ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ನಿಲ್ಲಿಸಬೇಕು. ನಮ್ಮ ನಾಡಕತ್ತೆಗಳ ಮೈತೂಕ ನೋಡಿದರೆ 50 ಕೆ.ಜಿ. ಕೂಡ ಕಡಿಮೆ ಭಾರವಲ್ಲ. ಸಣ್ಣ ಕತ್ತೆಗೆ ಇನ್ನೂ ಇಳಿಸಿ. ಮೂರು ವರ್ಷ ತುಂಬದ ಮರಿಗೆ ಹೇರಬೇಡಿ. ಗಬ್ಬ ಸುಮಾರು ಒಂದು ವರ್ಷ ಇರುತ್ತದೆ, ಕೊನೆಯ ಮೂರು ತಿಂಗಳು ಹೆಣ್ಣುಕತ್ತೆಗೆ ಪೂರ್ಣ ಬಿಡುವು ಕೊಡಿ.

ಮೇವಿನ ಖರ್ಚು ನಿಜಕ್ಕೂ ಕಡಿಮೆ. ಮೈತೂಕದ 100 ಕೆ.ಜಿ.ಗೆ ದಿನಕ್ಕೆ ಒಂದೂವರೆಯಿಂದ ಎರಡು ಕೆ.ಜಿ. ಒಣಮೇವು ಸಾಕು, ಜೋಳದ ಕಣಿಕೆ, ರಾಗಿ ಹುಲ್ಲು ಯಾವುದಾದರೂ ಸರಿ, ಬೂಷ್ಟು ಹಿಡಿದಿರಬಾರದಷ್ಟೆ. ದುಡಿಮೆಯ ದಿನಗಳಲ್ಲಿ ಹಿಡಿಯಷ್ಟು ಕಾಳು, ಸ್ವಲ್ಪ ಉಪ್ಪು. ನೀರು ಶುಚಿಯಾಗಿರಲಿ, ಕೊಳಕು ನೀರನ್ನು ಕತ್ತೆ ಮುಟ್ಟುವುದಿಲ್ಲ, ಬಾಯಾರಿಯೇ ನಿಲ್ಲುತ್ತದೆ. ಕೋಳಿ ಆಹಾರ ಮಾತ್ರ ಎಂದಿಗೂ ಹಾಕಬೇಡಿ. ಅದಕ್ಕೆ ಬೆರೆಸುವ ಮೊನೆನ್ಸಿನ್‌ನಂಥ ಔಷಧ ಕತ್ತೆಗೆ ವಿಷ. ಊರಲ್ಲಿ ಅಲೆಯಲು ಬಿಟ್ಟರೆ ಪ್ಲಾಸ್ಟಿಕ್ ತಿಂದು ಹೊಟ್ಟೆಶೂಲೆಯಾಗುತ್ತದೆ. ಸಾಕುವುದೆಂದರೆ ಕಟ್ಟಿ ಮೇಯಿಸುವುದು.

ಕತ್ತೆ ನೋವು ತೋರಿಸಿಕೊಳ್ಳುವುದಿಲ್ಲ. ಮೇವು ಬಿಟ್ಟು ಮಂಕಾಗಿ ನಿಂತಿದೆ ಎಂದರೆ ಕಾಯಿಲೆ ಆಗಲೇ ಬಲಿತಿದೆ, ಅಂದೇ ಪಶುವೈದ್ಯರನ್ನು ಕರೆಯಿರಿ. ಧನುರ್ವಾಯು ಇದಕ್ಕೆ ಬೇಗ ತಗಲುತ್ತದೆ, ಲಸಿಕೆ ಹಾಕಿಸಿ. ಮೂಗಿನಿಂದ ಅಂಟು ಸಿಂಬಳ, ಚರ್ಮದಲ್ಲಿ ಹುಣ್ಣು ಕಂಡರೆ ಬೇರೆ ಕಟ್ಟಿ ತಕ್ಷಣ ತಿಳಿಸಿ: ಅದು ಗ್ಲಾಂಡರ್ಸ್ ಇರಬಹುದು, ಮನುಷ್ಯರಿಗೂ ಹರಡುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಸವರಿಸಿ. ಅದರ ಕೂದಲು ಮಳೆ ನೀರನ್ನು ತಡೆಯುವುದಿಲ್ಲ, ಆದ್ದರಿಂದ ಮಳೆಗಾಲಕ್ಕೆ ಸೂರು ಬೇಕೇ ಬೇಕು.

ಕತ್ತೆ ಹಾಲಿನ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಹಾಲು ನಾವೇ ಕೊಳ್ಳುತ್ತೇವೆ ಎಂದು ದುಬಾರಿ ಬೆಲೆಗೆ ಕತ್ತೆ ಮಾರುವವರನ್ನು ನಂಬಿ ಸಾಲ ಮಾಡಬೇಡಿ. ದುಡಿಮೆಗೆಂದೇ ಕೊಳ್ಳಿ.

ಕೊಳ್ಳುವಾಗ ಬೆನ್ನು, ಎದೆ ಸವರಿ ನೋಡಿ. ಅಲ್ಲಲ್ಲಿ ಬಿಳಿ ಕೂದಲ ಮಚ್ಚೆಗಳಿದ್ದರೆ ಅವು ಹಳೆಯ ಹೇರುಗಾಯದ ಗುರುತು. ಗಟ್ಟಿ ನೆಲದಲ್ಲಿ ನಡೆಸಿ, ಕುಂಟುತ್ತದೆಯೇ ಗಮನಿಸಿ. ಎರಡು ಒಟ್ಟಿಗೆ ಬೆಳೆದಿದ್ದರೆ ಜೋಡಿ ಅಗಲಿಸಬೇಡಿ, ಒಂಟಿಯಾದ ಕತ್ತೆ ಮೇವು ಬಿಡುವುದುಂಟು. ರಾಷ್ಟ್ರೀಯ ಜಾನುವಾರು ಮಿಷನ್‌ನ ವಿಮೆ ಕತ್ತೆಗೂ ಅನ್ವಯಿಸುತ್ತದೆ. 2024ರ ಬದಲಾವಣೆಯಂತೆ ಕಂತಿನಲ್ಲಿ ರೈತರ ಪಾಲು ಶೇ. 15. ಕತ್ತೆ ತಂದ ವಾರದೊಳಗೆ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಹಾಕಿಸಿ, ವಿಮೆಯನ್ನೂ ವಿಚಾರಿಸಿಕೊಂಡು ಬನ್ನಿ.