ಕಾಳಿನ ಡಬ್ಬಿಯಲ್ಲಿ ಆವಿಯ ಕೆಲಸ

ಬಿತ್ತನೆಗೆಂದು ಕೂಡಿಟ್ಟ ಅಲಸಂದೆಯ ಮೇಲೆ ಬಿಳಿಯ ಚುಕ್ಕೆಗಳನ್ನೂ ದುಂಡನೆಯ ತೂತುಗಳನ್ನೂ ನಾವು ಕಂಡಿರುವೆವು. ಚುಕ್ಕೆಯು ಕಾಳುದುಂಬಿಯ ಮೊಟ್ಟೆ. ಅದರ ತಳದಿಂದಲೇ ಕಾಳನ್ನು ಕೊರೆದು ಒಳಸೇರುವ ಮರಿಹುಳು, ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ದುಂಬಿಯಾಗಿ ತೂತಿನಿಂದ ಹೊರಬರುತ್ತದೆ.

ನಮ್ಮ ಮನೆಗಳಲ್ಲಿ ಹಿರಿಯರು ಕಾಳಿಗೆ ಹರಳೆಣ್ಣೆ ಸವರುತ್ತಿದ್ದರು. ಅದು ಆವಿಯಾಗದ ಎಣ್ಣೆ. ಮೊಟ್ಟೆಯನ್ನು ಕವಿದು ಗಾಳಿಯ ಸಂಚಾರವನ್ನು ತಡೆಯುತ್ತದೆ. ನೀಲಗಿರಿ, ಲವಂಗ ಮೊದಲಾದ ಸುಗಂಧತೈಲಗಳ ರೀತಿಯೇ ಬೇರೆ. ಇವುಗಳ ಅಣುಗಳು ದ್ರವವನ್ನು ಬಿಟ್ಟು, ಕಾಳುಗಳ ಸಂದುಗಳಲ್ಲಿ ಹರಡಿ, ದುಂಬಿಯ ಪಕ್ಕೆಗಳಲ್ಲಿರುವ ಉಸಿರುರಂಧ್ರಗಳಿಂದ ಒಳಹೊಗುತ್ತವೆ. ನೀಲಗಿರಿ ಎಣ್ಣೆಯ ಮುಖ್ಯಾಂಶವಾದ ಸಿನಿಯೋಲ್ 176 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿದರೆ, ಲವಂಗದ ಯೂಜಿನಾಲ್ ಕುದಿಯಲು 254 ಡಿಗ್ರಿ ಬೇಕು. ಕೋಣೆಯ ಉಷ್ಣತೆಯಲ್ಲಿಯೂ ಮೊದಲನೆಯದು ಬೇಗನೆ ಆವಿಯಾಗುತ್ತದೆ. ಎರಡನೆಯದು ನಿಧಾನ, ಹೆಚ್ಚಾಗಿ ಸೋಂಕಿದೆಡೆಯಲ್ಲಿಯೇ ಅದರ ಪ್ರಭಾವ.

ಹಾಗಾದರೆ ಪರಿಮಳ ಸೂಸುವ ಗೋಣಿಚೀಲವು ಸುರಕ್ಷಿತವೆ? ಅಲ್ಲ. ಪರಿಮಳವು ನಮ್ಮ ಮೂಗಿಗೆ ಮುಟ್ಟಿತೆಂದರೆ ಆವಿಯು ಹೊರಗೆ ಸೋರುತ್ತಿದೆಯೆಂದೇ ಅರ್ಥ. ದುಂಬಿ ಸಾಯಬೇಕಾದರೆ ಆವಿಯ ಸಾಂದ್ರತೆಯು ಕೆಲವು ಗಂಟೆಗಳಾದರೂ ಕುಗ್ಗದೆ ನಿಲ್ಲಬೇಕು. ಬಿಗಿಯಾದ ಮುಚ್ಚಳವಿಲ್ಲದೆ ಇದು ಸಾಗದು. ಮುಚ್ಚಿದ ಡಬ್ಬಿಯಲ್ಲಿಯೂ ಕಾಳಿನೊಳಗೆ ಅಡಗಿದ ಮರಿಹುಳುವಿಗೆ ಕಾಳೇ ಕೋಟೆ. ಆವಿ ಚದುರಿದ ಬಳಿಕ ಅದು ದುಂಬಿಯಾಗಿ ಹೊರಬಂದು ಮತ್ತೆ ಮೊಟ್ಟೆಯಿಡುತ್ತದೆ. ಆದುದರಿಂದ ಒಂದೇ ಸಲದ ಉಪಚಾರವನ್ನು ನಾವು ನೆಚ್ಚಲಾರೆವು.

ತೈಲ ಹೆಚ್ಚಾದರೆ ಮೊಳಕೆಯೂ ಕೆಡಬಹುದು. ಕೆಲವು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊದಲು ಪರೀಕ್ಷಿಸಬೇಕು. ತಿನ್ನುವ ಕಾಳಿಗಂತೂ ನೀಲಗಿರಿ ಎಣ್ಣೆಯನ್ನು ಬೆರೆಸಕೂಡದು, ಹೊಟ್ಟೆಗೆ ಹೋದರೆ ಅದು ವಿಷ.