ಬಾವಿ ನೀರಿನ ವಿಷ ಹಿಡಿಯುವ ಬೆಳಕಿನ ಕಾಲುವೆ

ಆಲೂರು ಗುಡ್ಡದ ಇಳಿಜಾರಲ್ಲಿ ನನ್ನ ಖುಷ್ಕಿ ಜಮೀನು. ಮೇಲೆ ಬೇರೆಯವರ ಶುಂಠಿ, ಕೆಳಗೆ ನಮ್ಮ ಬಾವಿ. ಹೊಡೆದ ಔಷಧಿ ಮಳೆಗೆ ಇಳಿದು ಬರುತ್ತದೋ ಎಂಬ ಭಯ ನನಗೆ. ನೀರೇನೋ ತಿಳಿಯಾಗಿದೆ, ವಾಸನೆಯಿಲ್ಲ. ಆದರೆ ಕಣ್ಣು ಮೂಗಿಗೆ ಸಿಗದ ವಿಷವೂ ಉಂಟು. ಯುರೋಪಿನಲ್ಲಿ ಕುಡಿಯುವ ನೀರಿಗೆ ಒಂದು ಕೀಟನಾಶಕದ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ. ಅಂದರೆ ಕೋಟಿ ಲೀಟರಿಗೆ 1 ಗ್ರಾಂ!

ಇಷ್ಟು ಕಡಿಮೆ ವಿಷ ಹಿಡಿಯಲು ವಿಜ್ಞಾನಿಗಳು ಬೆಳಕನ್ನು ಬಳಸುತ್ತಾರೆ. ಏಳನೇ ಕ್ಲಾಸು ಓದಿದ ನನಗೆ ತಿಳಿದಷ್ಟು ಹೇಳುತ್ತೇನೆ.

ಉಗುರಿನಷ್ಟು ಚಿಪ್ ಮೇಲೆ ಕೂದಲಿಗಿಂತ ಸಣ್ಣ ಕಾಲುವೆ. ಅದರಲ್ಲಿ ಲೇಸರ್ ಬೆಳಕು ಹರಿಯುತ್ತೆ. ಕಾಲುವೆ ನೀರು ಬದುವನ್ನು ನೆನೆಸುವ ಹಾಗೆ ಬೆಳಕೂ ಹೊರಕ್ಕೆ ಒಂಚೂರು ಜಿನುಗುತ್ತೆ. ಅಲ್ಲಿ ಒಂದು ವಿಷವನ್ನು ಹಿಡಿಯುವ ಲೇಪ ಇರುತ್ತೆ. ವಿಷ ಅಂಟಿದರೆ ಬೆಳಕಿನ ಓಟ ತುಸು ನಿಧಾನ.

ಆ ತುಸುವನ್ನು ಅಳೆಯೋದು ಹೇಗೆ? ಗೊಬ್ಬರ ಹಾಕಿದ ಸಾಲಿನ ಪಕ್ಕ ಹಾಕದ ಸಾಲು ಬಿಟ್ಟು ನೋಡ್ತೀವಲ್ಲ, ಹಾಗೇ. ಬೆಳಕನ್ನು ಎರಡು ಕಾಲುವೆಗೆ ಒಡೆಯುತ್ತಾರೆ. ಒಂದಕ್ಕೆ ನೀರು ಸೋಕಿಸಿ ಇನ್ನೊಂದನ್ನು ಮುಚ್ಚಿಡುತ್ತಾರೆ. ಕೊನೆಗೆ ಎರಡೂ ಕೂಡಿದಾಗ, ಹೆಜ್ಜೆ ತಪ್ಪಿದ ಹಾಗೆ ಬೆಳಕು ಏರಿಳಿಯುತ್ತೆ. ಅದೇ ಲೆಕ್ಕ.

ಒಂದು ಮಿತಿ: ಲೇಪ ತನ್ನ ವಿಷವನ್ನಷ್ಟೇ ಗುರುತಿಸುತ್ತೆ. ಬೇರೆ ವಿಷವಿದ್ದರೆ ಸುಮ್ಮನಿರುತ್ತೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಬೆಳಕಿನ ಚಿಪ್‌ಗಳ ಸಂಶೋಧನೆ ಇದೆ. ಅವು ನಮ್ಮ ಬಾವಿಕಟ್ಟೆಗೆ ಬರುವ ತನಕ ನಾವು ಮಾಡಬಹುದಾದದ್ದು ಎರಡು. ನೀರನ್ನು ಪರೀಕ್ಷೆಗೆ ಕೊಡುವಾಗ ಸುತ್ತಮುತ್ತ ಯಾವ ಔಷಧಿ ಹೊಡೆದರೆಂದು ಕೇಳಿ, ಬರೆದುಕೊಡಿ. ಸ್ಪ್ರೇಯರನ್ನು ಹಳ್ಳದಲ್ಲಿ ತೊಳೆಯಬೇಡಿ. ಆ ನೀರು ಹೇಮಾವತಿಗೇ ಹೋಗೋದು.